ಟಿಬೆಟ್ ಪ್ರಶ್ನೆ: ಒಂದು ಪದದ ರಾಜತಾಂತ್ರಿಕ ಚರಿತ್ರೆ

ಟಿಬೆಟ್ಟಿನ ರಾಜಕೀಯ ಸಮಸ್ಯೆಯನ್ನು ಕುರಿತ ಬರಹಗಳು ಸಾಮಾನ್ಯವಾಗಿ 1950ರ ಚೀನೀ ಸೇನಾ ಕಾರ್ಯಾಚರಣೆಯಿಂದಲೋ 1959ರಲ್ಲಿ ದಲೈಲಾಮಾ ಅವರು ಭಾರತಕ್ಕೆ ಬಂದುದರಿಂದಲೋ ಆರಂಭವಾಗುತ್ತವೆ. ಸಮಸ್ಯೆಯ ಬೇರು ಇನ್ನೂ ಹಿಂದಿನದು. ಅದು ಒಂದು ಪದದಲ್ಲಿದೆ. ಟಿಬೆಟ್ಟಿನ ಮೇಲೆ ಚೀನಾಕ್ಕಿದ್ದ ಹಕ್ಕನ್ನು ಬ್ರಿಟಿಷರು 'ಸಾವರೆಂಟಿ' ಎನ್ನದೆ 'ಸೂಜರೆಂಟಿ' ಎಂದರು. ಮೊದಲನೆಯದು ಸಾರ್ವಭೌಮತ್ವ, ಎರಡನೆಯದನ್ನು ಅಧಿರಾಜತ್ವ ಎನ್ನಬಹುದು. ಕನ್ನಡ ಶಾಸನಗಳನ್ನು ಓದಿದವರಿಗೆ ಈ ಸಂಬಂಧ ಅಪರಿಚಿತವಲ್ಲ. ಚಕ್ರವರ್ತಿಯ 'ತತ್ಪಾದಪದ್ಮೋಪಜೀವಿ' ಎನಿಸಿಕೊಂಡ ಮಹಾಮಂಡಲೇಶ್ವರನು ತನ್ನ ನಾಡನ್ನು ತಾನೇ ಆಳುತ್ತಿದ್ದನಷ್ಟೆ. ಆದರೆ ಆಧುನಿಕ ಅಂತರರಾಷ್ಟ್ರೀಯ ಕಾನೂನಿನಲ್ಲಿ ಅಂತಹ ನಡುವಣ ಸ್ಥಿತಿಗೆ ನೆಲೆ ಕಿರಿದು.

1904ರಲ್ಲಿ ಯಂಗ್‌ಹಸ್ಬೆಂಡನ ಪಡೆ ಲ್ಹಾಸಾವನ್ನು ಪ್ರವೇಶಿಸಿ ಟಿಬೆಟ್ಟಿನೊಡನೆ ನೇರ ಒಪ್ಪಂದ ಮಾಡಿಕೊಂಡಿತು. 1907ರಲ್ಲಿ ಅದೇ ಬ್ರಿಟನ್ ರಷ್ಯಾದೊಡನೆ ಸಹಿಮಾಡಿದ ಒಪ್ಪಂದದಲ್ಲಿ ಚೀನಾದ ಅಧಿರಾಜತ್ವವನ್ನು ಮಾನ್ಯಮಾಡಿತು. ಚಿಂಗ್ ಸಾಮ್ರಾಜ್ಯ ಕುಸಿದ ಮೇಲೆ ಟಿಬೆಟ್ ಚೀನೀ ಪಡೆಗಳನ್ನು ಹೊರಗಟ್ಟಿತು. ಈ ಹಿನ್ನೆಲೆಯಲ್ಲಿ 1913ರ ಅಕ್ಟೋಬರಿನಲ್ಲಿ ಸಿಮ್ಲಾ ಸಮ್ಮೇಳನ ಸೇರಿತು. ಬ್ರಿಟಿಷ್ ಭಾರತದ ಹೆನ್ರಿ ಮ್ಯಾಕ್‌ಮಹೋನ್, ಚೀನಾದ ಐವನ್ ಚೆನ್, ಟಿಬೆಟ್ಟಿನ ಲೋನ್‌ಚೆನ್ ಶಾತ್ರಾ ಅಲ್ಲಿ ಎದುರುಬದುರು ಕುಳಿತರು. ಸಿದ್ಧವಾದ ಕರಡು ಒಂದೇ ಉಸಿರಿನಲ್ಲಿ ಚೀನಾದ ಅಧಿರಾಜತ್ವವನ್ನೂ ಹೊರಟಿಬೆಟ್ಟಿನ ಸ್ವಾಯತ್ತತೆಯನ್ನೂ ಒಪ್ಪಿತು. ಚೆನ್ ಅದಕ್ಕೆ ಕಿರುಸಹಿ ಹಾಕಿದರೂ ಬೀಜಿಂಗ್ ತಿರಸ್ಕರಿಸಿತು. 1914ರ ಜುಲೈ 3ರಂದು ಬ್ರಿಟನ್ ಮತ್ತು ಟಿಬೆಟ್ ಮಾತ್ರ ತಮ್ಮೊಳಗೆ ಅದನ್ನು ಅಂಗೀಕರಿಸಿಕೊಂಡವು. ಇದಕ್ಕೆ ಮುನ್ನವೇ, ಮಾರ್ಚ್ ತಿಂಗಳಲ್ಲಿ, ಮ್ಯಾಕ್‌ಮಹೋನ್ ಮತ್ತು ಶಾತ್ರಾ ಪತ್ರಗಳ ವಿನಿಮಯದ ಮೂಲಕ ಭಾರತ-ಟಿಬೆಟ್ ಗಡಿಯನ್ನು ಗುರುತಿಸಿಕೊಂಡಿದ್ದರು. ಅದೇ ಮ್ಯಾಕ್‌ಮಹೋನ್ ರೇಖೆ.

ಭಾರತದ ಭದ್ರತೆಯ ತೊಡಕು ಇಲ್ಲಿಂದ ಹುಟ್ಟುತ್ತದೆ. ಟಿಬೆಟ್ಟಿಗೆ ಒಪ್ಪಂದ ಮಾಡಿಕೊಳ್ಳುವ ಅಧಿಕಾರವಿತ್ತು ಎಂದಾದರೆ ಮಾತ್ರ ಆ ಪತ್ರಗಳಿಗೆ ಬೆಲೆ. ಇಂದಿನ ಅರುಣಾಚಲ ಪ್ರದೇಶದ ಉತ್ತರ ಗಡಿಗೆ ಆಧಾರವಾದ ದಾಖಲೆಯಲ್ಲಿ ಇರುವುದು ಚೀನಾದ ಸಹಿಯಲ್ಲ, ಟಿಬೆಟ್ಟಿನ ಸಹಿ.

1950ರ ನವೆಂಬರಿನಲ್ಲಿ ಟಿಬೆಟ್ ವಿಶ್ವಸಂಸ್ಥೆಗೆ ಮೊರೆಯಿಟ್ಟಿತು. ಅದನ್ನು ಎತ್ತಿಕೊಂಡದ್ದು ದೂರದ ಎಲ್ ಸಾಲ್ವಡಾರ್. ಶಾಂತಿಯುತ ಇತ್ಯರ್ಥದ ಭರವಸೆಯನ್ನು ಭಾರತ ವ್ಯಕ್ತಪಡಿಸಿತು, ವಿಷಯವನ್ನು ಮುಂದೂಡಲಾಯಿತು. ಅದೇ ತಿಂಗಳ 7ರಂದು ವಲ್ಲಭಭಾಯಿ ಪಟೇಲರು ಉತ್ತರದ ಗಡಿಯ ಅಪಾಯವನ್ನು ಕುರಿತು ನೆಹರೂ ಅವರಿಗೆ ದೀರ್ಘ ಪತ್ರ ಬರೆದಿದ್ದರು. 1954ರ ಏಪ್ರಿಲ್ 29ರ ಭಾರತ-ಚೀನಾ ಒಪ್ಪಂದವನ್ನು ಪಂಚಶೀಲಕ್ಕಾಗಿ ನೆನೆಯುವುದು ರೂಢಿ. ಅದರ ಶೀರ್ಷಿಕೆಯಲ್ಲಿದ್ದ 'ಚೀನಾದ ಟಿಬೆಟ್ ಪ್ರದೇಶ' ಎಂಬ ಪದಪುಂಜ ಹೆಚ್ಚು ಗಮನಾರ್ಹ. ಯಾಟುಂಗ್ ಮತ್ತು ಗ್ಯಾಂಟ್ಸೆಯಲ್ಲಿದ್ದ ಬೆಂಗಾವಲು ಪಡೆಯನ್ನೂ ಅಂಚೆ-ತಂತಿ ವ್ಯವಸ್ಥೆಯನ್ನೂ ಭಾರತ ಬಿಟ್ಟುಕೊಟ್ಟಿತು. ಪ್ರತಿಯಾಗಿ ಗಡಿರೇಖೆಯ ಮಾನ್ಯತೆಯನ್ನು ಬರೆಸಿಕೊಳ್ಳಲಿಲ್ಲ. ಗಡಿ ನಿಶ್ಚಿತವೇ ಆಗಿದೆ ಎಂಬ ನಂಬಿಕೆ ಇದಕ್ಕೆ ಕಾರಣ. ನಂಬಿಕೆಯನ್ನು ದಾಖಲೆಯ ಸ್ಥಾನದಲ್ಲಿ ಇಟ್ಟದ್ದು ದುಬಾರಿಯಾಯಿತು.

1959ರಲ್ಲಿ ದಲೈಲಾಮಾ ಅವರು ಈ ವಿರೋಧಾಭಾಸವನ್ನು ದೆಹಲಿಯಲ್ಲಿಯೇ ಎತ್ತಿ ತೋರಿದರು: ಟಿಬೆಟ್ಟಿನ ಸಾರ್ವಭೌಮತ್ವವನ್ನು ಅಲ್ಲಗಳೆದರೆ ಸಿಮ್ಲಾ ಒಪ್ಪಂದವೂ ಮ್ಯಾಕ್‌ಮಹೋನ್ ರೇಖೆಯೂ ಉಳಿಯವು. ಅದೇ ಸಮಯದ ಪತ್ರವ್ಯವಹಾರದಲ್ಲಿ ಭಾರತವು ಟಿಬೆಟ್ಟಿಗೆ ಒಪ್ಪಂದ ಮಾಡಿಕೊಳ್ಳುವ ಅಧಿಕಾರವಿತ್ತೆಂದು ಚೀನಾದೊಡನೆ ವಾದಿಸಿತು. ಆದರೂ ಆ ವರ್ಷ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಟಿಬೆಟ್ ಕುರಿತ ನಿರ್ಣಯಕ್ಕೆ ಮತ ಹಾಕದೆ ತಟಸ್ಥವಾಗಿ ಉಳಿಯಿತು. ಪರವಾಗಿ ಮತ ಹಾಕಿದ್ದು 1965ರಲ್ಲಿ, ಚೀನಾದೊಡನೆ ಯುದ್ಧ ಮುಗಿದು ಮೂರು ವರ್ಷಗಳಾದ ಮೇಲೆ. ಆಶ್ರಯ ನೀಡುವುದರಲ್ಲಿ ಇಂತಹ ಅಳುಕು ಇರಲಿಲ್ಲ. ಬೈಲುಕುಪ್ಪೆ, ಮುಂಡಗೋಡುಗಳ ನಿರಾಶ್ರಿತ ವಸತಿಗಳು ಆ ದಶಕದಲ್ಲಿಯೇ ನೆಲೆಗೊಂಡವು.

2003ರ ಜೂನಿನಲ್ಲಿ ವಾಜಪೇಯಿ ಅವರ ಬೀಜಿಂಗ್ ಭೇಟಿಯ ಘೋಷಣೆಯು ಟಿಬೆಟ್ ಸ್ವಾಯತ್ತ ಪ್ರದೇಶವನ್ನು ಚೀನಾದ ಭೂಭಾಗವೆಂದು ಮಾನ್ಯಮಾಡಿತು. 2008ರ ಅಕ್ಟೋಬರಿನಲ್ಲಿ ಬ್ರಿಟನ್ ತನ್ನ ಹಳೆಯ ಪದವನ್ನು ಕಾಲಬಾಹಿರವೆಂದು ಕರೆದು ಕೈಬಿಟ್ಟಿತು. ಆ ಪದವನ್ನು ಸೃಷ್ಟಿಸಿದವರಿಗೆ ಅದರಿಂದ ನಷ್ಟವೇನೂ ಇರಲಿಲ್ಲ. 2010ರ ಡಿಸೆಂಬರಿನಲ್ಲಿ ವೆನ್ ಜಿಯಾಬಾವೊ ದೆಹಲಿಗೆ ಬಂದಾಗ ಹೊರಟ ಜಂಟಿ ಹೇಳಿಕೆಯಲ್ಲಿ ಟಿಬೆಟ್ಟನ್ನು ಕುರಿತ ಆ ರೂಢಿಯ ವಾಕ್ಯವೇ ಇರಲಿಲ್ಲ. 2003ರ ಮಾನ್ಯತೆಯನ್ನು ಭಾರತ ಹಿಂತೆಗೆದುಕೊಂಡಿಲ್ಲ.