ಸತ್ತ ಇಲಿ ಎತ್ತಿದ ಇಪ್ಪತ್ತು ಜನ

1/7
ಒಂದು ಉಣ್ಣೆ ಕಾರ್ಖಾನೆ. ಬೆಳಗ್ಗೆ ಕೆಲಸಕ್ಕೆ ಬಂದವರು ನೋಡ್ತಾರೆ, ನೆಲದ ತುಂಬ ಸತ್ತ ಇಲಿಗಳು. ಅವನ್ನೆಲ್ಲ ಎತ್ತಿ ಹಾಕಿ ನೆಲ ಶುಚಿ ಮಾಡೋಕೆ ಇಪ್ಪತ್ತು ಕೂಲಿಯಾಳುಗಳಿಗೆ ಅಪ್ಪಣೆ ಆಯ್ತು. ಮೂರು ದಿನದೊಳಗೆ ಅವರಲ್ಲಿ ಹತ್ತು ಜನಕ್ಕೆ ಪ್ಲೇಗ್. ಇಲಿ ಎತ್ತುವ ಕೆಲಸಕ್ಕೆ ಹೋಗದ ಉಳಿದವರಲ್ಲಿ ಒಬ್ಬರಿಗೂ ಬರಲಿಲ್ಲ.

ಇದನ್ನು ಬರೆದಿಟ್ಟವರು ಪಾಲ್ ಲೂಯಿ ಸಿಮೊಂಡ್. ಪ್ಲೇಗ್ ಅಧ್ಯಯನಕ್ಕೆ ಅಂತ 1897ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಿಂದ ಭಾರತಕ್ಕೆ ಬಂದ ವೈದ್ಯರು. ಎಲ್ಲರೂ ಊರನ್ನು ತೊಳೆಯೋದರಲ್ಲಿ ಮುಳುಗಿದ್ದಾಗ, ತೊಳೆಯುವವರಿಗೇ ಯಾಕೆ ಕಾಯಿಲೆ ಬರ್ತಿದೆ ಅಂತ ಕೇಳಿದವರು ಇವರು. ಇವತ್ತಿನ ಸರಣಿ ಆ ಪ್ರಶ್ನೆಯ ಇತಿಹಾಸ. ಓದ್ತಾ ಹೋಗಿ 👇

2/7
ಸೆಪ್ಟೆಂಬರ್ 1896. ಬೊಂಬಾಯಿಯ ಬಂದರಿನ ಪಕ್ಕದ ಮಾಂಡವಿಯಲ್ಲಿ ಡಾ. ಅಕಾಸಿಯೊ ವಿಯೇಗಸ್ ಅವರು ರೋಗಿಗಳನ್ನು ಪರೀಕ್ಷಿಸಿ ಇದು ಪ್ಲೇಗ್ ಅಂತ ಗುರುತಿಸಿದರು. ರೋಗಾಣು ಯಾವುದು ಅನ್ನೋದು ಅಷ್ಟೊತ್ತಿಗೆ ಗೊತ್ತಿತ್ತು. 1894ರಲ್ಲೇ ಹಾಂಗ್‌ಕಾಂಗ್‌ನಲ್ಲಿ ಅಲೆಕ್ಸಾಂಡ್ರ್ ಯರ್ಸಿನ್ ಅದನ್ನು ಪತ್ತೆ ಮಾಡಿದ್ದರು. ಆದರೆ ಅದು ಮನುಷ್ಯನ ಮೈಗೆ ಹೇಗೆ ಹೋಗುತ್ತೆ? ಅದು ಮಾತ್ರ ಗೊತ್ತಿರಲಿಲ್ಲ.

ಕೊಳಕಿನಿಂದ, ಕೆಟ್ಟ ಗಾಳಿಯಿಂದ, ತೇವದ ನೆಲದಿಂದ ಬರುತ್ತೆ ಅನ್ನೋದು ಆಗಿನ ಬಹುಪಾಲು ಅಧಿಕಾರಿಗಳ ನಂಬಿಕೆ. ಅದಕ್ಕೇ ಶುರುವಾಯ್ತು ದೊಡ್ಡ ಕ್ಲೀನಿಂಗ್. ಚರಂಡಿಗೆ ಕಾರ್ಬಾಲಿಕ್ ಆಸಿಡ್ ಸುರಿದರು (ಇವತ್ತಿನ ಫಿನೈಲ್ ಥರ ಗಾಟು ವಾಸನೆ). ಗೋಡೆಗೆ ಸುಣ್ಣ ಬಳಿದರು. ಬಿಸಿಲು ಬೀಳಲಿ ಅಂತ ಛಾವಣಿಯ ಹೆಂಚು ತೆಗೆಸಿದರು. ಹಾಸಿಗೆ, ಬಟ್ಟೆಗಳನ್ನು ಸುಟ್ಟರು.

3/7
ಇದೆಲ್ಲ ಮೃದುವಾಗಿ ನಡೆಯಲಿಲ್ಲ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಸರ್ಕಾರಕ್ಕೆ ವಿಪರೀತ ಅಧಿಕಾರ ಕೊಟ್ಟಿತು. ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ಶೋಧ ಮಾಡಿದರು. ಅಡುಗೆಮನೆ, ದೇವರಮನೆ ಅಂತ ನೋಡಲಿಲ್ಲ. ಜನರ ಸಿಟ್ಟು ಯಾವ ಮಟ್ಟಕ್ಕೆ ಹೋಯ್ತು ಅಂದ್ರೆ, 1897ರ ಜೂನ್ 22ರಂದು ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿಸಿದರು. ಇಷ್ಟು ನಮ್ಮ ಪಠ್ಯದಲ್ಲೂ ಇದೆ.

ಪಠ್ಯದಲ್ಲಿ ಇಲ್ಲದ್ದು ಒಂದಿದೆ. ಇಷ್ಟೆಲ್ಲ ತೊಳೆದರೂ ಪ್ಲೇಗ್ ನಿಲ್ಲಲಿಲ್ಲ. ಯಾಕಂದ್ರೆ ತೊಳೆದ ಜಾಗದಲ್ಲಿ ಅಪಾಯ ಇರಲೇ ಇಲ್ಲ. ಅದು ಇಲಿಯ ಕೂದಲಲ್ಲಿ ಕೂತಿತ್ತು.

4/7
ಸಿಮೊಂಡ್ ಇನ್ನೊಂದು ವಿಷಯ ಗಮನಿಸಿದ್ದರು. ಆಗಷ್ಟೇ ಸತ್ತ ಇಲಿಯನ್ನು ಮುಟ್ಟಿದವರಿಗೆ ಕಾಯಿಲೆ ಬರ್ತಿತ್ತು. ಸತ್ತು ತುಂಬ ಹೊತ್ತಾದ ಇಲಿಯಿಂದ ಅಷ್ಟು ಅಪಾಯ ಕಾಣ್ತಿರಲಿಲ್ಲ. ಕಾರಣ ಚಿಗಟ. ಇಲಿಯ ಮೈ ತಣ್ಣಗಾಗ್ತಿದ್ದ ಹಾಗೆ ಚಿಗಟಗಳು ಅದನ್ನು ಬಿಟ್ಟು ಬೆಚ್ಚಗಿನ ಇನ್ನೊಂದು ಮೈ ಹುಡುಕುತ್ತವೆ. ಆ ಹೊತ್ತಿಗೆ ಪಕ್ಕದಲ್ಲಿ ಬಗ್ಗಿ ನಿಂತಿರೋನು ಯಾರು? ಪೊರಕೆ ಹಿಡಿದವನು.

ಜೂನ್ 1898, ಕರಾಚಿ. ಕಾಯಿಲೆ ಬಿದ್ದ ಇಲಿಯನ್ನು ಚಿಗಟಗಳ ಜೊತೆ ಒಂದು ದೊಡ್ಡ ಗಾಜಿನ ಜಾಡಿಯಲ್ಲಿ ಇಟ್ಟರು. ಅದಕ್ಕೆ ತಾಗದ ಹಾಗೆ ಸಣ್ಣ ಪಂಜರದಲ್ಲಿ ಆರೋಗ್ಯವಾದ ಇಲಿಯೊಂದನ್ನು ಇಳಿಬಿಟ್ಟರು. ಮೈಗೆ ಮೈ ತಾಗಲಿಲ್ಲ, ಆದರೂ ಕೆಲವು ದಿನಕ್ಕೆ ಎರಡನೇ ಇಲಿಯೂ ಪ್ಲೇಗ್‌ನಿಂದ ಸತ್ತಿತು. ನಡುವೆ ಹಾರಿ ಹೋಗಿದ್ದು ಚಿಗಟ ಮಾತ್ರ.

ಅದೇ ವರ್ಷ ಪ್ರಬಂಧ ಬಂತು, ಹೆಚ್ಚಿನವರು ನಂಬಲಿಲ್ಲ. 1905ರ ನಂತರ ಬೊಂಬಾಯಿಯಲ್ಲಿ ಪ್ಲೇಗ್ ಸಂಶೋಧನಾ ಆಯೋಗದವರು ಪ್ಲೇಗ್ ಬಂದ ಮನೆಗಳಲ್ಲಿ ಗಿನಿಪಿಗ್‌ಗಳನ್ನು ಇಟ್ಟು ನೋಡಿದರು. ಚಿಗಟ ಮುಟ್ಟೋಕೆ ಆಗುವ ಕಡೆ ಇಟ್ಟವಕ್ಕೆ ರೋಗ ಬಂತು, ಚಿಗಟ ಬರದ ಹಾಗೆ ಕಾಪಾಡಿದವು ಉಳಿದವು. ಆಮೇಲೆ ಜಗತ್ತು ಒಪ್ಪಿತು.

5/7
ನಮ್ಮ ಬೆಂಗಳೂರಿಗೆ ಪ್ಲೇಗ್ ಬಂದಿದ್ದು 1898ರ ಆಗಸ್ಟ್‌ನಲ್ಲಿ, ರೈಲಿನ ದಾರಿಯಲ್ಲಿ. ಇಕ್ಕಟ್ಟಾದ ಪೇಟೆ ಬಿಟ್ಟು ಜನ ಹೊರಗೆ ಹೋದರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ತುಂಬಿಕೊಂಡಿದ್ದು ಆಗಲೇ. ಪ್ಲೇಗ್ ಮಾರಮ್ಮನ ಗುಡಿಗಳು ಇವತ್ತಿಗೂ ಇವೆ. ಹಳ್ಳಿಗಳಲ್ಲಂತೂ ಇಲಿ ಬಿತ್ತು ಅಂದ್ರೆ ಸಾಕು, ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಳ್ಳೋರು. ವಿಜ್ಞಾನ ಒಪ್ಪುವ ಮುಂಚೆಯೇ ಜನ ಇಲಿಯನ್ನು ಅನುಮಾನಿಸಿದ್ದರು ನೋಡಿ!

ಆ ಹಳೇ ಬಡಾವಣೆಗಳಲ್ಲಿ ಓಡಾಡುವಾಗ ಮನೆಗಳ ಹಿಂದಿನ ಸಣ್ಣ ಓಣಿಗಳನ್ನು ಗಮನಿಸಿ. ಅವು ಕನ್ಸರ್ವೆನ್ಸಿ ಲೇನ್‌ಗಳು. ಪಾಯಿಖಾನೆ ಬಳಿಯುವವರು ಮುಂಬಾಗಿಲಿನ ಕಡೆ ಕಾಣಿಸಿಕೊಳ್ಳದೆ ಬಂದು ಹೋಗಲಿ ಅಂತ ಬಿಟ್ಟ ದಾರಿ. ಊರಿನ ಆರೋಗ್ಯಕ್ಕೆ ಅಗಲ ರಸ್ತೆ ಬಂತು, ಗಾಳಿ ಬೆಳಕು ಬಂತು. ಆ ಕೆಲಸ ಮಾಡೋರಿಗೆ ಸಿಕ್ಕಿದ್ದು ಹಿತ್ತಲಿನ ಓಣಿ.

6/7
ಈಗ ನಮ್ಮ ಕಾಲಕ್ಕೆ ಬರೋಣ. ಮನೆ, ಹಾಸ್ಟೆಲ್, ಅಂಗಡಿಯಲ್ಲಿ ಇಲಿ ಸತ್ತಿದ್ರೆ ಅಥವಾ ಹಿಕ್ಕೆ ಬಿದ್ದಿದ್ರೆ (ಇಲಿ ಜ್ವರ ಇವತ್ತೂ ನಮ್ಮಲ್ಲಿದೆ) ಇದನ್ನು ಸೇವ್ ಮಾಡ್ಕೊಳ್ಳಿ:

🧤 ಬರಿಗೈಲಿ ಮುಟ್ಟಬೇಡಿ. ರಬ್ಬರ್ ಗ್ಲೌಸ್ ಹಾಕಿ.
🪟 ಮೊದಲು ಕಿಟಕಿ, ಬಾಗಿಲು ತೆಗೆದು ಅರ್ಧ ಗಂಟೆ ಗಾಳಿಯಾಡಲಿ.
🚫 ಒಣ ಪೊರಕೆಯಿಂದ ಗುಡಿಸಬೇಡಿ, ಧೂಳು ಎದ್ದು ಮೂಗಿಗೆ ಹೋಗುತ್ತೆ.
💧 ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಚೆನ್ನಾಗಿ ನೆನೆಸಿ. ಐದು ನಿಮಿಷ ಬಿಟ್ಟು ಪೇಪರ್‌ನಿಂದ ಒರೆಸಿ ತೆಗೆಯಿರಿ.
🛍️ ಎರಡು ಕವರ್ ಒಳಗೆ ಹಾಕಿ ಬಿಗಿಯಾಗಿ ಕಟ್ಟಿ. ಆಮೇಲೆ ಸಾಬೂನಿನಿಂದ ಕೈ ತೊಳೆಯಿರಿ.
☠️ ಬ್ಲೀಚ್ ಜೊತೆ ಟಾಯ್ಲೆಟ್ ಆಸಿಡ್ ಬೆರೆಸಲೇಬೇಡಿ. ಕ್ಲೋರಿನ್ ವಿಷಾನಿಲ ಏಳುತ್ತೆ.

7/7
ಒಂದು ಮಾತು ಉಳೀತು. ಅಜ್ಜಿಯ ಇನ್ಸುಲಿನ್ ಸೂಜಿ, ಗಾಯದ ಬ್ಯಾಂಡೇಜು, ಸ್ಯಾನಿಟರಿ ಪ್ಯಾಡು, ಹಳೇ ಬ್ಲೇಡು ಇವನ್ನೆಲ್ಲ ಹಾಗೇ ಡಬ್ಬಕ್ಕೆ ಎಸೆದ್ರೆ ನಮ್ಮ ಮನೆ ಕ್ಲೀನ್. ಅದು ನಾಳೆ ಬೆಳಗ್ಗೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತೆ. ಸೂಜಿ, ಬ್ಲೇಡನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮುಚ್ಚಿ. ಪ್ಯಾಡು, ಬ್ಯಾಂಡೇಜನ್ನು ಪೇಪರಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ.

ಉಣ್ಣೆ ಕಾರ್ಖಾನೆಯಲ್ಲಿ ಅಪ್ಪಣೆ ಕೊಟ್ಟವರಿಗೆ ಚಿಗಟದ ವಿಷಯ ಗೊತ್ತಿರಲಿಲ್ಲ. ನಮಗೆ ಗೊತ್ತಿದೆ. ವ್ಯತ್ಯಾಸ ಅಷ್ಟೇ.

ನಿಮ್ಮ ಮನೆಯ ಹಿರಿಯರು ಪ್ಲೇಗ್ ಕಾಲದಲ್ಲಿ ಊರು ಬಿಟ್ಟ ಕಥೆ ಹೇಳಿದ್ದಾರಾ? ಕಮೆಂಟ್‌ನಲ್ಲಿ ಬರೀರಿ, ಯಾವ ಊರು ಅಂತಾನೂ ಹೇಳಿ.

#ಇತಿಹಾಸ #ಪ್ಲೇಗ್ #ಬೆಂಗಳೂರು #ಪೌರಕಾರ್ಮಿಕರು #ಕನ್ನಡದಲ್ಲಿಕಲಿಯೋಣ