ಹೊರಗಿನ ಹಿಡಿತ, ಒಳಗಿನ ಹಾದಿ: ಅಳತೆ ಬೇರೆಯಾದ ಫೈಬರ್ ಡಕ್ಟ್‌ಗಳ ಜೋಡಣೆ

ಭಾರತದಲ್ಲಿ ಆಪ್ಟಿಕಲ್ ಫೈಬರ್ ಕೇಬಲ್‌ಗಾಗಿ ನೆಲದಡಿ ಹೂಳುವ ಡಕ್ಟ್ ಬಹುಮಟ್ಟಿಗೆ 40/33 ಅಳತೆಯ ಎಚ್‌ಡಿಪಿಇ ಕೊಳವೆ: ಹೊರವ್ಯಾಸ 40 ಮಿ.ಮೀ., ಒಳವ್ಯಾಸ 33 ಮಿ.ಮೀ. ತಯಾರಿಸುವಾಗಲೇ ಒಳಮೈಗೆ ಜಾರುವ ಪದರವನ್ನು ಕೂಡಿಸಿರುವುದರಿಂದ ಇದಕ್ಕೆ ಪಿಎಲ್‌ಬಿ ಡಕ್ಟ್ ಎಂಬ ಹೆಸರು. ಇಂಥ ಎರಡು ಡಕ್ಟ್‌ಗಳನ್ನು ಒಂದಕ್ಕೊಂದು ಸೇರಿಸುವುದು ಕಷ್ಟದ ಕೆಲಸವಲ್ಲ. ಆದರೆ ರಸ್ತೆ ಅಗಲೀಕರಣದಲ್ಲಿ ಮಾರ್ಗ ಬದಲಾದಾಗ, ತುಂಡಾದ ಡಕ್ಟನ್ನು ದುರಸ್ತಿ ಮಾಡುವಾಗ, ಕಟ್ಟಡದೊಳಕ್ಕೆ ಕೇಬಲ್ ತರುವಾಗ 40/33ರ ಬಾಯಿಗೆ 32/26 ಎದುರಾಗುತ್ತದೆ. ಆಗ ಬೇಕಾಗುವುದು ಎರಡು ಅಳತೆಗಳನ್ನು ಕೂಡಿಸುವ ರೆಡ್ಯೂಸರ್ ಕಪ್ಲರ್.

ಗೋದಾಮಿನಲ್ಲಿ ರೆಡ್ಯೂಸರನ್ನು ಆರಿಸುವುದು ಹೊರವ್ಯಾಸ ನೋಡಿ. ಅದು ಸಹಜ, ಏಕೆಂದರೆ ಕಪ್ಲರ್ ಹಿಡಿಯುವುದು ಡಕ್ಟ್‌ನ ಹೊರಮೈಯನ್ನು: ಹಲ್ಲುಳ್ಳ ಉಂಗುರ ಕಚ್ಚಿ ನಿಲ್ಲಿಸುತ್ತದೆ, ರಬ್ಬರ್ ರಿಂಗ್ ಗಾಳಿ ಮತ್ತು ನೀರನ್ನು ತಡೆಯುತ್ತದೆ. ಆದರೆ ಕೇಬಲ್ ಸಾಗುವುದು ಒಳಮೈಯ ಮೇಲೆ. ಹೀಗಾಗಿ ರೆಡ್ಯೂಸರ್‌ನ ಗುಣವನ್ನು ಅದರ ಒಳಹಾದಿಯಿಂದಲೇ ಅಳೆಯಬೇಕು ಎಂಬುದು ಈ ಲೇಖನದ ವಾದ.

1980ರ ದಶಕದಲ್ಲಿ ರೂಪುಗೊಂಡ ಗಾಳಿಯೂದುವ ವಿಧಾನದಲ್ಲಿ ಕೇಬಲನ್ನು ಎಳೆಯಲು ಹಗ್ಗವಿಲ್ಲ. ಯಂತ್ರ ಹಿಂದಿನಿಂದ ತಳ್ಳುತ್ತದೆ. ಕಂಪ್ರೆಸರ್‌ನ ಗಾಳಿ ಡಕ್ಟ್‌ನ ಉದ್ದಕ್ಕೂ ಕೇಬಲ್‌ನ ಮೈಯನ್ನು ಮುಂದಕ್ಕೆ ಒಯ್ಯುತ್ತದೆ. ಕೊಳವೆಯಲ್ಲಿ ರಭಸವಾಗಿ ಹರಿಯುವ ಗಾಳಿಗೆ ಎದುರಾಗುವ ತಡೆ ಸರಿಸುಮಾರು ಒಳವ್ಯಾಸದ ಐದನೇ ಘಾತಕ್ಕೆ ವಿಲೋಮವಾಗಿರುತ್ತದೆ. 33ನ್ನು 26ರಿಂದ ಭಾಗಿಸಿ ಐದನೇ ಘಾತ ತೆಗೆದರೆ 3.3 ಬರುತ್ತದೆ. ಎಂದರೆ 200 ಮೀಟರ್ ಉದ್ದದ 32/26 ಡಕ್ಟ್, ಗಾಳಿಯ ಮಟ್ಟಿಗೆ, 660 ಮೀಟರ್ ಉದ್ದದ 40/33ಕ್ಕೆ ಸಮ. ಒಂದು ಕಿಲೋಮೀಟರ್ ಮಾರ್ಗದಲ್ಲಿ ಈ 200 ಮೀಟರ್‌ನ ಕಿರಿದಾದ ತುಂಡು ಸೇರಿದ್ದರೆ ಅದು ಸುಮಾರು 1,460 ಮೀಟರ್‌ನ ಮಾರ್ಗದಂತೆ ವರ್ತಿಸುತ್ತದೆ. ಕೇಬಲ್ ಒಳಗಿದ್ದಾಗ ಈ ಅಂಕಿ ಬದಲಾಗುತ್ತದೆ, ದಿಕ್ಕು ಬದಲಾಗುವುದಿಲ್ಲ. ನಕ್ಷೆಯಲ್ಲಿ ಬರೀ ಉದ್ದ ನೋಡಿ ಊದುವ ಯೋಜನೆ ಹಾಕುವವರಿಗೆ ಇದು ಕಾಣುವುದೇ ಇಲ್ಲ.

ಯಾವ ತುದಿಯಿಂದ ಊದಬೇಕು? ಕಿರಿದಾದ ಭಾಗ ಮೊದಲೇ ಬಂದರೆ ಒತ್ತಡದ ದೊಡ್ಡ ಪಾಲು ಅಲ್ಲೇ ಖರ್ಚಾಗಿ, ಮುಂದಿನ ಅಗಲವಾದ ಭಾಗದಲ್ಲಿ ಗಾಳಿಯ ಸೆಳೆತ ಸೊರಗುತ್ತದೆ. ಸಿಕ್ಕ ಅವಕಾಶದಲ್ಲಿ ಕೇಬಲ್ ಹಾವಿನಂತೆ ಬಳುಕಿ ಗೋಡೆಗೆ ಒತ್ತಿಕೊಳ್ಳುತ್ತದೆ. ಅಗಲದಿಂದ ಕಿರಿದಿಗೆ ಊದಿದರೆ ಕೊನೆಯ ಹಂತದಲ್ಲಿ, ಸೆಳೆತ ಹೆಚ್ಚು ಬೇಕಾದಲ್ಲೇ, ಅದು ಸಿಗುತ್ತದೆ. ಆದರೆ ಈ ದಿಕ್ಕಿನಲ್ಲೇ ಕೇಬಲ್‌ನ ತುದಿ ಕಿರಿದಾದ ಡಕ್ಟ್‌ನ ಅಂಚಿಗೆ ಎದುರಾಗಿ ಬಡಿಯುವುದು. ಕೇಂದ್ರಗಳು ಕೂಡಿದ ಜೋಡಣೆಯಲ್ಲಿ ಕೇಬಲ್ ಮಲಗಿರುವ ತಳ 3.5 ಮಿ.ಮೀ. ಮೇಲೇರಬೇಕು. ಆ ಏರನ್ನು 20 ಮಿ.ಮೀ. ಉದ್ದಕ್ಕೆ ಇಳಿಜಾರಾಗಿ ಹರಡಿದರೆ ಕೋನ ಸುಮಾರು 10 ಡಿಗ್ರಿ, 7 ಮಿ.ಮೀ.ಗೆ ಮುಗಿಸಿದರೆ 26 ಡಿಗ್ರಿ ದಾಟುತ್ತದೆ. ಇಳಿಜಾರೇ ಇಲ್ಲದಿದ್ದರೆ ಅದು ಗೋಡೆ. ಗಾಳಿಗೆ ಹಿತವಾದ ದಿಕ್ಕೇ ಕೇಬಲ್‌ನ ತುದಿಗೆ ಅಪಾಯದ ದಿಕ್ಕಾಗಿರುವಾಗ, ಒಳಗೆ ಆಲಿಕೆಯಂತೆ ಇಳಿಜಾರಿಲ್ಲದ ರೆಡ್ಯೂಸರನ್ನು ಒಪ್ಪಿಕೊಳ್ಳಲೇಬಾರದು.

ಹೊರವ್ಯಾಸ ಒಂದೇ ಆದ ಮಾತ್ರಕ್ಕೆ ಈ ತೊಡಕು ತಪ್ಪುವುದಿಲ್ಲ. ಗೋಡೆಯ ದಪ್ಪ ಬೇರೆಯಾದ ಎರಡು 40 ಮಿ.ಮೀ. ಡಕ್ಟ್‌ಗಳನ್ನು ಸಾಮಾನ್ಯ ಕಪ್ಲರ್ ಸರಾಗವಾಗಿ ಹಿಡಿಯುತ್ತದೆ, ಒಳಗಿನ ಮೆಟ್ಟಿಲು ಮಾತ್ರ ಉಳಿಯುತ್ತದೆ. ಇನ್ನೂ ಕಿರಿದಾದ ಮೈಕ್ರೋಡಕ್ಟ್‌ಗಳಲ್ಲಿ ಅರ್ಧ ಮಿಲಿಮೀಟರ್ ಕೂಡ ದೊಡ್ಡ ಮೆಟ್ಟಿಲೇ. ಅಲ್ಲಿ ಪಾರದರ್ಶಕ ಕಪ್ಲರ್‌ಗಳ ಬಳಕೆಯಿದೆ: ಡಕ್ಟ್‌ನ ತುದಿ ಪೂರ್ತಿ ಒಳಗೆ ಕೂತಿದೆಯೇ ಎಂದು ಕಣ್ಣಲ್ಲೇ ನೋಡಬಹುದು. ಬಿಸಿ ಮಾಡಿ ಒಂದರ ಮೇಲೊಂದು ತುರುಕಿ ಟೇಪ್ ಸುತ್ತಿದ ಜೋಡಣೆಯಲ್ಲಿ ಹಿಡಿತವೂ ಇಲ್ಲ, ಹಾದಿಯೂ ಇಲ್ಲ. ತುದಿಯನ್ನು ನೇರವಾಗಿ ಕತ್ತರಿಸಿ ಒಳಅಂಚಿನ ಸಿಬಿರು ತೆಗೆಯುವುದು ಕೆಲವೇ ನಿಮಿಷಗಳ ಕೆಲಸ. ಅದನ್ನು ಬಿಟ್ಟರೆ ಕೇಬಲ್‌ನ ಹೊದಿಕೆ ಗೀಚಿಹೋಗುತ್ತದೆ.

ಹಿಡಿತವನ್ನೂ ಹಗುರವಾಗಿ ಎಣಿಸುವಂತಿಲ್ಲ. ಉತ್ತರ ಕರ್ನಾಟಕದ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಎಚ್‌ಡಿಪಿಇ ಕೂಡ ಉಷ್ಣಕ್ಕೆ ಬಹಳ ಹಿಗ್ಗುವ ವಸ್ತು: ಬಿಸಿಲಿನಲ್ಲಿ ಚಾಚಿದ 100 ಮೀಟರ್ ಡಕ್ಟ್ 10 ಡಿಗ್ರಿ ತಣಿದರೆ 15ರಿಂದ 20 ಸೆಂ.ಮೀ. ಕುಗ್ಗಬಲ್ಲದು. ಮಧ್ಯಾಹ್ನ ಜೋಡಿಸಿ ಸಂಜೆ ಮಣ್ಣು ಮುಚ್ಚಿದರೆ ಆ ಎಳೆತವನ್ನೆಲ್ಲ ಕಪ್ಲರ್‌ನ ಹಲ್ಲುಗಳು ತಾಳಬೇಕು. ರೆಡ್ಯೂಸರ್‌ನ ಸಣ್ಣ ಬದಿಯಲ್ಲಿ ಹಲ್ಲು ಕಚ್ಚುವ ಸುತ್ತಳತೆಯೂ ಕಡಿಮೆ.

ಎಲ್ಲಕ್ಕಿಂತ ಹೆಚ್ಚು ಉಪೇಕ್ಷೆಗೊಳಗಾದದ್ದು ಪರೀಕ್ಷೆಯ ವಿಷಯ. ಡಕ್ಟ್ ಚಪ್ಪಟೆಯಾಗಿಲ್ಲವೆಂದು ತಿಳಿಯಲು ಒಳವ್ಯಾಸದ ಸುಮಾರು ಶೇಕಡಾ 80ರಷ್ಟು ಗಾತ್ರದ, ಮ್ಯಾಂಡ್ರೆಲ್ ಎಂಬ ಗಟ್ಟಿ ದಿಂಡನ್ನು ಕಳಿಸುವ ರೂಢಿಯಿದೆ. 33 ಮಿ.ಮೀ.ಗೆ ಅದು 26.4 ಮಿ.ಮೀ., 26 ಮಿ.ಮೀ. ಡಕ್ಟ್‌ನೊಳಗೆ ಹೋಗುವುದೇ ಇಲ್ಲ. 26ಕ್ಕೆ ತಕ್ಕ 20.8 ಮಿ.ಮೀ. ಮ್ಯಾಂಡ್ರೆಲ್ ಪೂರ್ತಿ ಮಾರ್ಗವನ್ನು ದಾಟುತ್ತದೆ ನಿಜ, ಆದರೆ ದೊಡ್ಡ ಡಕ್ಟ್ ಮೂರನೇ ಒಂದರಷ್ಟು ಅದುಮಿಹೋಗಿದ್ದರೂ ಅದು ಸುಳಿವು ಕೊಡದು. ಹೀಗಾಗಿ ರೆಡ್ಯೂಸರ್ ಕೂಡಿಸುವ ಮೊದಲೇ ಎರಡೂ ಭಾಗಗಳನ್ನು ಅವುಗಳ ಅಳತೆಯ ಮ್ಯಾಂಡ್ರೆಲ್‌ನಿಂದ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಗಾಳಿಯ ಒತ್ತಡದ ಪರೀಕ್ಷೆಯನ್ನು ಕೂಡಿಸಿದ ನಂತರ ಮಾಡಬೇಕು. ಮಾರ್ಗದ ನಕ್ಷೆಯಲ್ಲಿ ರೆಡ್ಯೂಸರ್ ಇರುವ ಜಾಗ, ಎರಡೂ ಬದಿಯ ಒಳವ್ಯಾಸ, ಮಾರ್ಗ ಯಾವ ದಿಕ್ಕಿಗೆ ಕಿರಿದಾಗುತ್ತದೆ ಎಂಬ ಮೂರೂ ದಾಖಲಾಗಿದ್ದರೆ, ಮುಂದೆ ಕೇಬಲ್ ಊದಲು ಬರುವವರು ಕಂಪ್ರೆಸರನ್ನು ಯಾವ ತುದಿಯಲ್ಲಿ ನಿಲ್ಲಿಸಬೇಕೆಂಬುದನ್ನು ನೆಲ ಅಗೆಯದೆಯೇ ನಿರ್ಧರಿಸಬಹುದು.