ಮೂವತ್ತನೆಯ ಸೆಕೆಂಡಿನ ಜಗಳ

ಈ ಪ್ಲೆಸೆಂಟನ್ನಿನಿಂದ 680ರ ಹೆದ್ದಾರಿ ಹಿಡಿದು ಸುನೋಲ್ ಏರು ದಾಟಿದರೆ ಸ್ಯಾನ್ ಹೋಸೆ. (ನಮ್ಮಲ್ಲಿ ಅನೇಕರು ದಿನವೂ ಆ ಏರಿನಲ್ಲಿ ನಿಂತು ಧ್ಯಾನ ಮಾಡುವವರೇ!) ಐಬಿಎಂ 1956ರಲ್ಲಿ ಹೊರತಂದ ಮೊದಲ ಹಾರ್ಡ್ ಡಿಸ್ಕ್ ರಾಮ್ಯಾಕ್ ರೂಪುಗೊಂಡದ್ದು ಅಲ್ಲಿ. ಎರಡಡಿ ಅಗಲದ 50 ತಟ್ಟೆಗಳು, 50 ಲಕ್ಷ ಅಕ್ಷರಗಳು, ಓದಿ ಬರೆಯಲು ಮೇಲೆ ಕೆಳಗೆ ಓಡಾಡುವ ತೋಳು. ಕೆಲಸ ಒಂದಾದ ಮೇಲೊಂದು, ಅವಸರವಿಲ್ಲ.

ಡಿಸ್ಕಿನ ಆ ನಿಧಾನವೇ ಎಷ್ಟೋ ದಶಕ ನಮ್ಮನ್ನು ಕಾಯಿತು ಎಂದು ನನಗೆ ಅನಿಸುತ್ತದೆ. ಇಬ್ಬರು ಶಾನುಭೋಗರು ಖಾತೆಯ ಒಂದೇ ಸಾಲನ್ನು ಓದಿ, ತಮ್ಮ ತಮ್ಮ ಮೊತ್ತ ಕೂಡಿಸಿ, ಒಬ್ಬರ ಮೇಲೊಬ್ಬರು ಬರೆದರೆ ಇಬ್ಬರ ಲೆಕ್ಕವೂ ಸರಿ, ಖಾತೆ ಮಾತ್ರ ತಪ್ಪು. ಡೇಟಾ ರೇಸ್ ಎಂದರೆ ಇದೇ. ಲಿನಕ್ಸ್ 1996ರಲ್ಲಿ ಹಲವು ಪ್ರೊಸೆಸರ್‌ಗಳಿಗೆ ಬಾಗಿಲು ತೆರೆದಾಗ ಊರಿಗೆಲ್ಲ ಒಂದೇ ಬೀಗ ಹಾಕಿತು: ಬಿಗ್ ಕರ್ನಲ್ ಲಾಕ್. ಅದು ಪೂರ್ತಿ ಹೋದದ್ದು 2011ರಲ್ಲಿ. ಅದೇ ವರ್ಷ ಬಂದ ಎನ್‌ವಿಎಂಇ ಒಂದು ಡಿಸ್ಕಿಗೆ 65 ಸಾವಿರ ಸರದಿ ಸಾಲುಗಳವರೆಗೆ ಅವಕಾಶ ಕೊಟ್ಟಿತು. 2014ರ ಜನವರಿಯಲ್ಲಿ ಬ್ಲಾಕ್-ಎಂಕ್ಯೂ ಕರ್ನಲ್‌ಗೆ ಸೇರಿ, ಪ್ರತಿ ಪ್ರೊಸೆಸರ್‌ಗೂ ತನ್ನದೇ ಸಾಲು ಸಿಕ್ಕಿತು.

ಸಾಲು ಹೆಚ್ಚಿದಂತೆ ಜಗಳವೂ ಹೊರಬಿತ್ತು. ಡ್ರೈವರ್ ಡಿಸ್ಕಿಗೆ ಒಂದು ಅರ್ಜಿ ಕಳಿಸಿ ಸಾಮಾನ್ಯವಾಗಿ 30 ಸೆಕೆಂಡು ಕಾಯುತ್ತದೆ. ಗಡುವು ಮುಗಿಯಿತೆಂದು ಒಂದು ಪ್ರೊಸೆಸರ್ ಅರ್ಜಿಯನ್ನು ರದ್ದು ಮಾಡಲು ಹೊರಡುವ ಆ ಗಳಿಗೆಯಲ್ಲೇ ಡಿಸ್ಕ್ 'ಆಯಿತು' ಎಂದು ಇನ್ನೊಂದು ಪ್ರೊಸೆಸರ್‌ಗೆ ಹೇಳಿತೆನ್ನಿ. ಎರಡೂ ಅದೇ ಅರ್ಜಿಯನ್ನು ಮುಗಿಸುತ್ತವೆ. ಅಷ್ಟರಲ್ಲಿ ಅದರ ಸಂಖ್ಯೆ ಬೇರೊಬ್ಬರ ಅರ್ಜಿಗೆ ಸಿಕ್ಕಿದ್ದರೆ, ಆಗದ ಕೆಲಸಕ್ಕೆ ಆಯಿತೆಂಬ ಮುದ್ರೆ. ಯಾರದೋ ಸಂಬಳದ ಲೆಕ್ಕ ಡಿಸ್ಕಿಗೆ ಇಳಿಯದೆಯೇ ಇಳಿಯಿತು ಎನಿಸಿಕೊಳ್ಳುತ್ತದೆ. ಯಂತ್ರ ಕುಸಿದು ಬಿದ್ದರೆ ಗೊತ್ತಾದರೂ ಆಗುತ್ತದೆ, ಇದು ಸದ್ದಿಲ್ಲದ ನಷ್ಟ.

2018ರ ಏಪ್ರಿಲ್‌ನ 4.16ರಲ್ಲಿ ಟೆಜುನ್ ಹಿಯೋ ಇದಕ್ಕೊಂದು ಜಾಣ ಪರಿಹಾರ ತಂದರು: ಅರ್ಜಿ ಮರುಬಳಕೆಯಾದಾಗಲೆಲ್ಲ ಅದಕ್ಕೆ ಹೊಸ ತಲೆಮಾರಿನ ಸಂಖ್ಯೆ. ಓದಲು ಸೊಗಸು, ಅರಗಿಸಿಕೊಳ್ಳಲು ಕಷ್ಟ. ಅದೇ ಆಗಸ್ಟ್‌ನ 4.18ರಲ್ಲಿ ಕೀತ್ ಬುಶ್ ಅದನ್ನು ತೆಗೆದು, ಅರ್ಜಿಯನ್ನು ಈಗ ಎಷ್ಟು ಕೈಗಳು ಹಿಡಿದಿವೆ ಎಂಬ ಬರೀ ಎಣಿಕೆಯನ್ನಿಟ್ಟರು. ಕೊನೆಯ ಕೈ ಬಿಡುವ ತನಕ ಸಂಖ್ಯೆ ಮತ್ತೊಬ್ಬರಿಗೆ ಹೋಗದು. ನನ್ನ ಮತ ಎಣಿಕೆಗೇ. ನಡುರಾತ್ರಿ ಎಬ್ಬಿಸಿದರೂ ಅರ್ಥವಾಗುತ್ತದೆ.

ಇಂಥ ರೇಸ್‌ಗಳನ್ನು ಹುಡುಕಲೆಂದೇ 2020ರ 5.8ರಲ್ಲಿ ಕೆಸಿಸ್ಯಾನ್ ಬಂತು. ಅದು ಮಾಡುವುದಿಷ್ಟೇ: ಮೆಮೊರಿ ಮುಟ್ಟಲು ಬಂದ ಒಬ್ಬನನ್ನು ಬೇಕೆಂದೇ ಕ್ಷಣಕಾಲ ತಡೆದು ನಿಲ್ಲಿಸಿ, ಅದೇ ಜಾಗಕ್ಕೆ ಇನ್ನಾರು ಬರುತ್ತಾರೆಂದು ಕಾಯುತ್ತದೆ.